ಓಬ್ರಾದನ ಕರೆಬುಡ್ಡಿ

ಸೀ ಅನ್ನುತ್ತಿದೆ — ಇಷ್ಟು ಹೊತ್ತು ಗೊರಗೊರ ಅನ್ನುತ್ತಿದ್ದ ಮರ ಈಗ ಸೀ ಅನ್ನುತ್ತಿದೆ, ಅಂದರೆ ತಿರುಳು ಮುಗಿಯಿತು, ಗೋಡೆ ಬಂತು, ಕೊಕ್ಕೆ ಉಳಿಯ ಮೂಗು ಬುಡ್ಡಿಯ ಹೊಟ್ಟೆಯೊಳಗೆ ಎಲ್ಲಿ ಮೇಯುತ್ತಿದೆ ಅಂತ ಕಣ್ಣಿಗೆ ಕಾಣದು, ಈ ಕಸುಬಿಗೆ ಕಿವಿಯೇ ಕಣ್ಣು, ನಿಲ್ಲಿಸಬೇಕು ದೆಸಿಮಿರ್, ಕಿರುಬೆರಳ ದಪ್ಪದ ಗೋಡೆ ಬಿಡಬೇಕು, ನಿನ್ನಪ್ಪ ಬಿಟ್ಟ, ನಿನ್ನಜ್ಜ ಬಿಟ್ಟ — ಬಿಡಲ್ಲ ಹೋಗು, ಇವತ್ತು ಬಿಡಲ್ಲ, ಎಂದು ದೆಸಿಮಿರ್ ಲೇತಿನ ಕಾಲುಗುಂಡಿಯನ್ನು ಇನ್ನೂ ಒತ್ತಿದ, ಬಟ್ಟೆ ಒಗೆಯುವ ಹಳೇ ಮಷೀನಿನಿಂದ ಕಿತ್ತು ಕೂರಿಸಿದ ಮೋಟಾರು ಒದರಿತು, ಮರಸೇಬಿನ ಹಸಿ ಚಕ್ಕೆ ಮೀಸೆಗೆ, ಅಂಗಿಗೆ, ಪಕ್ಕದಲ್ಲಿಟ್ಟ ಕಾಫಿಗೆ ಬಿತ್ತು, ಬೀಳಲಿ, ಮರದ ಪುಡಿ ಕುಡಿದೇ ಬೆಳೆದ ವಂಶ ಇದು, ಅಜ್ಜ ವುಕೋಲ ಒಂದು ಸಲ ಸೀನಿದಾಗ ಮೂಗಿನಿಂದ ಬಂದ ಹೊಟ್ಟಿನಲ್ಲಿ ಚಳಿಗಾಲ ಪೂರ್ತಿ ಒಲೆ ಉರಿದಿತ್ತಂತೆ, ಅದೇ ಅಜ್ಜ ಕಡೆದ ಕರೆಬುಡ್ಡಿ ಎಷ್ಟು ಹೊಟ್ಟೆಬಾಕ ಅಂದರೆ, ಮದುವೆಗೆ ಕರೆಯಲು ಹೊತ್ತುಹೋದವನು ನಲವತ್ತು ಮನೆಯವರಿಗೆ ಗುಟುಕು ಗುಟುಕು ಕುಡಿಸಿ ವಾಪಸು ಬಂದರೆ ಒಳಗೆ ರಾಕಿಯಾ ಸಾರಾಯಿ ಮೊದಲಿಗಿಂತ ಜಾಸ್ತಿ ಇತ್ತು, ಅಕಾರ್ಡಿಯನ್ನಿನವನೊಬ್ಬ ಒಳಗೆ ಇಣುಕಲು ಹೋಗಿ ಬಿದ್ದು ಮೂರು ದಿನ ಅಲ್ಲೇ ನುಡಿಸುತ್ತಿದ್ದ, ಅಂಥವರ ಮೊಮ್ಮಗ ನೀನು, ನಿನಗೆ ಮೂರನೇ ಮೇಜು! ಮೂರನೇ ಮೇಜು, ಹಾಲಿನ ಡೇರಿಯವರ ಜೊತೆ, ಕಕ್ಕಸಿನ ಬಾಗಿಲ ಪಕ್ಕ.

ಭಾನುವಾರ ಬಂದಿದ್ದ ವಿತೋಮಿರ್, ಪಕ್ಕದ ಮನೆಯವನು, ಹೊಸ್ತಿಲಲ್ಲಿ ನಿಂತು ಟೋಪಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದ, ಕೂಮಾ, ಒಂದು ಕರೆಬುಡ್ಡಿ ಬೇಕಲ್ಲಪ್ಪ, ಶನಿವಾರ ಮನೆಮನೆಗೆ ಹೊರಡ್ಬೇಕು, ಹುಡುಗನ ಮದುವೆ. ಓಹೋ, ಹಂಗಾದ್ರೆ ನನ್ನ ಕಪ್ಪು ಕೋಟು ಬಿಸಿಲಿಗೆ ಹಾಕ್ಬೇಕು ಅನ್ನು, ಎಂದು ದೆಸಿಮಿರ್ ನಕ್ಕಿದ್ದ, ಕತ್ತೆ, ಬಾಯಿ ಕಿವಿಯವರೆಗೆ ಬಿಟ್ಟು ನಕ್ಕಿದ್ದ, ಯಾಕೆಂದರೆ ಅವರ ಮನೆಗೆ ಕೂಮ ಅಂದರೆ ಈ ಮನೆಯವನೇ, ಇವನಜ್ಜ ಅವರಪ್ಪನಿಗೆ ಹೆಸರಿಟ್ಟ, ಇವನಪ್ಪ ಅವರಪ್ಪನ ಮದುವೆಗೆ ಸಾಕ್ಷಿ ನಿಂತ, ಇವನು ವಿತೋಮಿರನ ಮದುವೆಗೆ ನಿಂತ, ವಿತೋಮಿರನ ಮಗನನ್ನು ಎತ್ತಿಕೊಂಡು ದೀಕ್ಷಾಸ್ನಾನದ ದಿನ ಓಬ್ರಾದ್ ಅಂತ ಹೆಸರಿಟ್ಟ, ಮೇಲೆ ದೇವರು ಕೆಳಗೆ ಕೂಮ, ಹೆಂಡತಿ ಬಿಟ್ಟರೂ ಕೂಮನನ್ನು ಬಿಡಬಾರದು. ಅದೇನಂದ್ರೆ ಕೂಮಾ — ಟೋಪಿಯನ್ನು ಇನ್ನೊಂದು ಸಲ ಹಿಂಡಿದ — ಈ ಸಲ ಹುಡುಗ ಅವನ ಧಣೀನೇ ಕೂಮ ಮಾಡ್ಕೊಂಡವ್ನೆ, ಚಾಚಕ್ ಪೇಟೆಯ ಟೈಲ್ಸ್ ನೆನಾದ್, ಕೆಲಸ ಕೊಟ್ಟೋನು, ಬೇಡ ಅನ್ನೋಕಾಗುತ್ತಾ, ನೀನೂ ಬರ್ಬೇಕು ಮತ್ತೆ, ಮೂರನೇ ಮೇಜಲ್ಲಿ ಜಾಗ ಹಿಡಿದಿಟ್ಟಿದೀವಿ. ಹಿಡಿದಿಟ್ಟಿದ್ದಾರಂತೆ, ಬಸ್ಸಿನಲ್ಲಿ ಟವಲು ಹಾಕಿದ ಹಾಗೆ. ಕೋಳಿಯನ್ನೇ ಕರೆದು ಮಸಾಲೆ ಅರೆ ಅನ್ನುವುದು ಅಂದರೆ ಇದು, ಆಮೇಲೆ ಕೋಳಿಗೆ ಇನ್ನೂ ಒಂದು ಕೆಲಸ, ಹೊಟ್ಟೆ ಸುತ್ತ ಹೆಸರು ಕೆತ್ತು ಕೂಮಾ, ತಿಯಾನಾ ಮತ್ತು ರಾಬಿ ಅಂತ. ರಾಬಿ ಯಾರಯ್ಯ? ನಮ್ಮ ಹುಡುಗನೇ, ಅಲ್ಲಿ ಎಲ್ರೂ ಹಂಗೇ ಕರೀತಾರೆ. ರಾಬಿ! ಮೇಲಿನ ಕೇರಿಯ ವೊಯಿನ್ ತನ್ನ ಬೇಟೆನಾಯಿಗೆ ಆ ಹೆಸರು ಇಟ್ಟಾಗ ನಾಯಿ ಮೂರು ದಿನ ಊಟ ಬಿಟ್ಟಿತ್ತು, ನಾಯಿಗಿದ್ದ ಮಾನ — ಗೊರ, ಉಳಿ ಎಲ್ಲೋ ಗಂಟಿಗೆ ತಾಗಿತು, ಮೊಣಕೈ ಪಕ್ಕೆಗೆ ಒತ್ತಿಕೋ, ಹಿಡಿ, ಹಾಂ, ಸೀ. ತೆಳ್ಳಗೆ ಮಾಡುತ್ತೇನೆ, ಈರುಳ್ಳಿ ಸಿಪ್ಪೆ ಮಾಡುತ್ತೇನೆ, ಕರೆಬುಡ್ಡಿ ಮೊದಲು ಹೋಗುವುದು ಕೂಮನ ಮನೆಗಲ್ಲವಾ, ಹೋಗಲಿ, ಟೈಲ್ಸ್ ನೆನಾದ್ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿಯಲಿ, ಎಲ್ಲರೂ ನೋಡುತ್ತಿರುವಾಗ ಅವನ ಬಿಳೀ ಪ್ಯಾಂಟಿನ ಮೇಲೆ ಸೋರಲಿ, ಮನೆಯೆಲ್ಲ ಟೈಲ್ಸು, ಒರೆಸಿದರೆ ಹೋಗುತ್ತೆ, ಆದರೆ ಹೊಸ ಕೂಮ ಉಚ್ಚೆ ಹುಯ್ಕೊಂಡ ಅನ್ನುವ ಮಾತು ಯಾವ ಬಟ್ಟೆಯಲ್ಲಿ ಒರೆಸಿದರೂ ಹೋಗಲ್ಲ, ಸೋರುವ ಬುಡ್ಡಿ ಹಿಡಿದು ಯಾವ ಮನೆಗೂ ಹೋಗುವ ಹಾಗಿಲ್ಲ, ಕರೆಯೇ ನಿಂತಿತು, ಕುಣೀರಿ ಈಗ.

ಅಂಗಳದಲ್ಲಿ ಹೆಂಡತಿ ಸ್ತಾನೋಯ್ಕಾ ಕೆಂಪು ದೊಣ್ಣೆಮೆಣಸು ಸುಡುತ್ತಿದ್ದಾಳೆ, ಸುಟ್ಟ ಸಿಪ್ಪೆಯ ವಾಸನೆ ಕಿಟಕಿಯಿಂದ ನುಗ್ಗುತ್ತಿದೆ, ಏ ಮುದುಕಪ್ಪ, ಬೆಳಗ್ಗೆಯಿಂದ ಕೊರೀತಾ ಇದ್ದೀಯಲ್ಲ, ಅದೇನು ಬುಡ್ಡಿನಾ ಬಾವಿನಾ? ಬಾಯ್ಮುಚ್ಚಿ ಮೆಣಸು ಸುಡು. ನನಗೆ ಗೊತ್ತು ನಿನ್ನ ಬುದ್ಧಿ, ಅದು ಸೋರಿದ್ರೆ ಜನ ವಿತೋಮಿರನ ಬುಡ್ಡಿ ಸೋರ್ತು ಅನ್ನಲ್ಲ, ದೆಸಿಮಿರನ ಬುಡ್ಡಿ ಸೋರ್ತು ಅಂತಾರೆ, ನೆನಪಿರಲಿ. ಅನ್ನಲಿ! ಎಂದು ಕೂಗಿದ, ನಲವತ್ತೊಂದು ವರ್ಷದಲ್ಲಿ ಒಂದು ಬುಡ್ಡಿ ಸೋರಿಲ್ಲ, ಒಂದು ತೊಟ್ಟು ಇಲ್ಲ, ಅನ್ನಲಿ, ಅಂದುಕೊಂಡು ಸಾಯಲಿ. ಕಾರು ಬಂದ ಸದ್ದು, ಹಾರನ್ನು ಎರಡು ಸಲ, ಇಳಿದು ಬರಲು ಕಾಲು ನೋಯುತ್ತೇನೋ — ಬಂದ, ಮದುವೆಗಂಡೇ ಬಂದ, ಬಾಗಿಲಲ್ಲಿ ನಿಂತ, ತಲೆಯ ಮೇಲೆ ಕಪ್ಪು ಕನ್ನಡಕ, ಬಾಯಲ್ಲಿ ಏನೋ ಜಗಿಯುತ್ತಿದ್ದಾನೆ, ಆಯ್ತಾ ಕೂಮಾ? ಕೂಮಾ ಅಂತೆ, ಹತ್ತಿದ ಏಣಿಯನ್ನು ಒದ್ದವನಿಗೆ ಏಣಿಯ ಹೆಸರು ಮಾತ್ರ ನಾಲಿಗೆಯಲ್ಲಿ ಉಳಿದಿದೆ. ಹೆಸರು ಸರಿಯಾಗಿ ಕೆತ್ತಪ್ಪ ಕೂಮಾ, ರಾಬಿ ಅಂತ, ಪೇಟೇಲಿ ಓಬ್ರಾದ್ ಅಂದ್ರೆ ಹಾಲಿನ ಕ್ಯಾನ್ ಹೊತ್ಕೊಂಡು ಬೆಟ್ಟದಿಂದ ಇಳಿದವ್ನು ಬಂದ ಅಂತ ನಗ್ತಾರೆ. ಇವನಿಗೆ ಹೇಳಬೇಕು ಅಂತ ಭಾನುವಾರದಿಂದ ಕೂಡಿಟ್ಟ ಮಾತು ಒಂದು ಗಾಡಿ ಇತ್ತು, ಬೈಗುಳವೇ ಅರ್ಧ ಗಾಡಿ, ಆದರೆ ಬಿಸಿಲು ಅವನ ಬೆನ್ನ ಹಿಂದೆ ಇತ್ತು, ದೊಡ್ಡ ಕಿವಿ, ಅಪ್ಪನ ಕಿವಿ, ಬಿಸಿಲು ಕಿವಿಯೊಳಗಿಂದ ಹಾದು ಎರಡೂ ಕೆಂಪಗೆ ಉರಿಯುತ್ತಿದ್ದವು. ಸಂಜೆ ಬಾ, ಅಂದ ದೆಸಿಮಿರ್. ಅಷ್ಟೇ ಅಂದ. ಥೂ.

ಕಾರು ಹೋಯಿತು, ಧೂಳು ಹೋಯಿತು, ಕಿವಿ ಹೋಗಲಿಲ್ಲ. ಕಾಲುಗುಂಡಿ ಒತ್ತಿದ, ಬುಡ್ಡಿ ಸುತ್ತಿತು, ಉಳಿ ಸೀ ಅನ್ನುವುದನ್ನೂ ಬಿಟ್ಟು ಸುಮ್ಮನೆ ಉಸಿರಾಡುತ್ತಿದೆ, ಇಂಥ ಸದ್ದು ಈ ಕೊಟ್ಟಿಗೆಯಲ್ಲಿ ಯಾರೂ ಕೇಳಿಲ್ಲ, ಆಚೆ ಪಕ್ಕ ತೂಗುಹಾಕಿದ ಬಲ್ಬಿನ ಬೆಳಕು ಬುಡ್ಡಿಯ ಗೋಡೆಯನ್ನೇ ದಾಟಿ ಒಳಗೆ ಬಂತು, ಬುಡ್ಡಿಯ ಹೊಟ್ಟೆ ಸುತ್ತ ಒಂದು ಕೆಂಪು ಬಳೆ, ಅಬ್ಬ, ಮರದೊಳಗೆ ಇಷ್ಟು ಕೆಂಪು ಇತ್ತಾ, ಮೇಣದ ಬತ್ತಿಯೂ ಹೀಗೇ, ಇಪ್ಪತ್ತೇಳು ವರ್ಷದ ಹಿಂದೆ ಚರ್ಚಿನಲ್ಲಿ ಬಲಗೈಯಲ್ಲಿ ಬತ್ತಿ, ಎಡಗೈಯಲ್ಲಿ ಮಗು, ಒಂದು ರೊಟ್ಟಿಯಷ್ಟೂ ಭಾರ ಇಲ್ಲ, ಬತ್ತಿಯ ಬೆಳಕಿಗೆ ಅದರ ಕಿವಿ ಚಿಗುರಿನ ಹಾಗೆ ಕೆಂಪಗೆ, ಸಣ್ಣ ನರ ಕೂಡ ಕಾಣುತ್ತಿತ್ತು — ಒತ್ತು, ಇನ್ನೊಂದು ಕೂದಲೆಳೆ ಒತ್ತು, ತೂತು ಬೀಳಲಿ, ಟೈಲ್ಸ್ ನೆನಾದನ ಪ್ಯಾಂಟು ನೆನೆಯಲಿ, ಒತ್ತೋ! ಕೈ ಒತ್ತಲಿಲ್ಲ. ಒತ್ತು ಅಂದರೆ ಕೈ ತಾನಾಗಿ ಹಿಂದಕ್ಕೆ ಬಂತು, ಸೂಳೆಮಗನ ಕೈ, ನಲವತ್ತೊಂದು ವರ್ಷ ಅನ್ನ ಹಾಕಿ ಸಾಕಿದ ಕೈ, ಯಜಮಾನನ ಮಾತು ಕೇಳದೆ ಮರದ ಮಾತು ಕೇಳುತ್ತೆ, ಕತ್ತರಿಸಿ ಮೆಣಸಿನ ಜೊತೆ ಸುಡಬೇಕು ಅದನ್ನು. ಮೋಟಾರು ನಿಲ್ಲಿಸಿದ. ಸರಿ, ಸೋರಬೇಡ ಹೋಗು, ಅದಕ್ಕಿಂತ ಒಳ್ಳೆಯದು ಗೊತ್ತು ನನಗೆ, ಕೆತ್ತುತ್ತೇನೆ, ಓಬ್ರಾದ್ ಅಂತಲೇ ಕೆತ್ತುತ್ತೇನೆ, ಒಂದೊಂದು ಅಕ್ಷರ ಎಮ್ಮೆಯಷ್ಟು, ನಲವತ್ತು ಮನೆಯವರು ಓಬ್ರಾದನ ಹೆಸರು ಹಿಡಿದೇ ಕುಡಿಯಲಿ, ನೆನಾದ್ ಓಬ್ರಾದನಿಗೇ ತುಟಿ ಹಚ್ಚಲಿ, ನಾನಿಟ್ಟ ಹೆಸರು, ಎಂದು ಬುಡ್ಡಿಯನ್ನು ಲೇತಿನಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡ, ಕೆತ್ತುವ ಚಾಕು ಎತ್ತಿದ, ಮೊದಲ ಅಕ್ಷರದ ಜಾಗಕ್ಕೆ ತುದಿ ಇಟ್ಟ — ಇಟ್ಟಲ್ಲೇ ಮರ ಹಸಿ ಹಪ್ಪಳದ ಹಾಗೆ ಬಾಗಿತು. ಬಲ್ಬಿಗೆ ಹಿಡಿದು ನೋಡಿದ. ಅಕ್ಷರ ಕೂರುವಷ್ಟು ಮರವೇ ಇಲ್ಲ. ಸುತ್ತ ತಿರುಗಿಸಿದ, ಎಲ್ಲೂ ಇಲ್ಲ. ರಾಬಿಯೂ ಕೂರುವುದಿಲ್ಲ, ಓಬ್ರಾದನೂ ಕೂರುವುದಿಲ್ಲ, ಯಾರು ತೋಡಿದ್ದು, ಬೆಳಗ್ಗೆಯಿಂದ ಹಲ್ಲು ಕಡಿದುಕೊಂಡು ಯಾರು ತೋಡಿದ್ದು, ಟೈಲ್ಸ್ ನೆನಾದ್ ಬಂದು ತೋಡಿದನಾ, ವಿತೋಮಿರ್ ತೋಡಿದನಾ, ಕೈಯಲ್ಲಿ ಚಾಕು ಇದೆ, ಹೊಟ್ಟೆಯಲ್ಲಿ ಬೆಂಕಿ ಇದೆ, ಇಡಲು ಜಾಗ ಇಲ್ಲ, ಆವತ್ತಿನ ಚರ್ಚಿನಲ್ಲಿ ಪಾದ್ರಿ ಕೇಳುತ್ತಿದ್ದಾರೆ, ಕೂಮಾ, ಮಗುವಿನ ಹೆಸರೇನು, ಅಪ್ಪನಿಗೆ ಗೊತ್ತಿಲ್ಲ, ಮನೆಯಲ್ಲಿ ಕಾಯುತ್ತಿರುವ ತಾಯಿಗೆ ಗೊತ್ತಿಲ್ಲ, ಭೂಮಿಯ ಮೇಲೆ ಒಬ್ಬ ದೆಸಿಮಿರನಿಗೆ ಮಾತ್ರ ಗೊತ್ತು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದಾರೆ, ಏಳು ವರ್ಷ ಮಕ್ಕಳಿಲ್ಲದ ಮನೆಗೆ ಬಂದದ್ದು, ಖುಷಿ ತಂದವನು ಅಂತಲೇ ಓಬ್ರಾದ್, ಅದನ್ನು ಇನ್ನೂ ಹೇಳಿಲ್ಲ, ನಾಲಿಗೆಯ ತುದಿಯಲ್ಲಿದೆ, ಬತ್ತಿ ಉರಿಯುತ್ತಿದೆ, ಮಗು ಅಳುತ್ತಿಲ್ಲ, ಹೆಸರಿಲ್ಲ ಅದಕ್ಕೆ, ಬರೀ ಕಿವಿ, ಬೆಳಕಿಗೆ ಕೆಂಪಗೆ ಒಂದು ಕಿವಿ