ಹೆಸರು ನುಂಗುವ ಡಬ್ಬ

ಕಂಪ್ಯೂಟರು ಮತ್ತೆ ನುಂಗಿತು. ಎರ್ರಮ್ಮನ ಹೆಸರು ನೆಟ್ಟಗೆ ಬಂತು, ಪಿಳ್ಳಮ್ಮನದು ಅರ್ಧ ಬಂತು, ಆಮೇಲೆ ಟಕ್ ಟಕ್ ಅಂತ ಸದ್ದು, ನಡುವೆ ಏನೂ ಇಲ್ಲ. ಗೌತಮಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದಳು.

"ಏನಮ್ಮಾ, ಮತ್ತೆ ತಿಂತಾ?" ಮೈಕಿನ ಮುಂದೆ ಕೂತಿದ್ದ ಅಜ್ಜಿ ಆಂಜಿನಮ್ಮ ಕೇಳಿದಳು.

"ತಿಂತು ಕಣಜ್ಜಿ. ಹಾಳಾದ್ದು, ಹೆಸರು ಬಂದಾಗ್ಲೇ ತಿನ್ನುತ್ತೆ."

"ಪೋನಿಲೇ, ಹೋಗ್ಲಿ ಬಿಡು, ತಿನ್ಲಿ. ಎಷ್ಟು ತಿನ್ನುತ್ತೋ ನೋಡೇಬಿಡ್ತೀನಿ. ನಾನಂತೂ ಬಾಯಿ ಮುಚ್ಚಲ್ಲ."

ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಕುದಿಯುವ ನೀರಿಗೆ ಬೆರಳದ್ದಿ ರೇಷ್ಮೆ ಎಳೆ ತೆಗೆಯುವುದರಲ್ಲೇ ಆಂಜಿನಮ್ಮನ ಪ್ರಾಯ ಕಳೆದಿತ್ತು. ಅಲ್ಲೇ ಕಟ್ಟಿದ ಹಾಡು ಇದು. ಬಿಸಿನೀರಲ್ಲಿ ಬೆರಳು ಬೆಂದೋರು ಯಾರ್ಯಾರೇ ಅಂತ ಕೇಳುತ್ತ ಹೋಗಿ, ಕೊನೆಗೆ ಜೊತೆಯಲ್ಲಿ ದುಡಿದ ಹೆಂಗಸರನ್ನೆಲ್ಲ ಹೆಸರು ಹಿಡಿದು ಕೂಗುತ್ತದೆ. ಈ ಸಲದ ಅಂಬೇಡ್ಕರ್ ಜಯಂತಿ ಮೆರವಣಿಗೆಯಲ್ಲಿ ಅದರ ಸಿ.ಡಿ. ಹಾಕಬೇಕೆಂದು ಸಂಘದವರು ತೀರ್ಮಾನಿಸಿದ್ದರು. ಸಂಘದ ಕಾರ್ಯದರ್ಶಿ ನರಸಿಂಹಮೂರ್ತಿ ಮೇಷ್ಟ್ರು ಗೌತಮಿಗೆ ಅಪ್ಪ, ಆಂಜಿನಮ್ಮನಿಗೆ ಒಬ್ಬನೇ ಮಗ.

ಮೇಷ್ಟ್ರು ಮಾಡಿದ್ದೇನು? ಗೌತಮಿ ಮೊದಲು ಅಗ್ಗದ ಮೈಕಿನಲ್ಲಿ ಹಿಡಿದಿದ್ದ ಹಾಡನ್ನು ಮಗಳ ಜೊತೆ ಚಿಕ್ಕಬಳ್ಳಾಪುರದ ಸ್ಟುಡಿಯೋಗೆ ಒಯ್ದರು. ಸ್ಟುಡಿಯೋದ ನರೇಂದ್ರ ಕೇಳಿ, "ಹಾಡು ಚೆನ್ನಾಗಿದೆ ಮೇಷ್ಟ್ರೇ, ದನಿ ಒರಟು. ಕಲಿತ ಹುಡುಗಿ ಕೈಲಿ ಹಾಡಿಸಣ. ಆ ಹೆಸರುಗಳು ಯಾಕೆ? ಹಾಜರಿ ಕೂಗಿದಂಗಿದೆ, ತೆಗೆದುಬಿಡಣ. ಅಲ್ಲಾ, ಹಿಂದೆ ಅದೇನು ರೈಸ್ ಮಿಲ್ಲು ಓಡ್ತಿದ್ಯಾ?" ಅಂತ ನಕ್ಕ. ಕಂಪ್ಯೂಟರಿನ ಫ್ಯಾನಿನ ಸದ್ದು ಅದು. ಅವನು ನಕ್ಕರೆ ಹಾಳಾಗಿ ಹೋಗಲಿ, ಮೇಷ್ಟ್ರೂ ನಕ್ಕರು! ಗೌತಮಿಗೆ ಮೈಯೆಲ್ಲ ಉರಿದುಹೋಯಿತು.

"ಹೆಸರು ತೆಗೆದ್ರೆ ಹಾಡೇ ಬ್ಯಾಡ. ನನ್ನ ಹಾಡು ನನ್ನ ಬಾಯಲ್ಲೇ ಬರ್ಬೇಕು," ಎಂದು ಆಂಜಿನಮ್ಮ ಪಟ್ಟು ಹಿಡಿದಳು. ಮೇಷ್ಟ್ರು ಗಡುವು ಕೊಟ್ಟರು: ಶನಿವಾರ ಸಾಯಂಕಾಲದೊಳಗೆ ನೀವೇ ಮಾಡಿಕೊಡಿ, ಇಲ್ಲದಿದ್ದರೆ ನರೇಂದ್ರ ಹೇಳಿದ ಹಾಗೆ. ಇವತ್ತೇ ಆ ಶನಿವಾರ.

ರೇಷ್ಮೆ ಬೆಳೆ ಮುಗಿದು ಖಾಲಿಯಿದ್ದ ಹುಳುಮನೆಯೇ ಅವರ ಸ್ಟುಡಿಯೋ. ದಪ್ಪ ಮಣ್ಣಿನ ಗೋಡೆ, ಬ್ಲೀಚಿಂಗ್ ಪೌಡರಿನ ವಾಸನೆ. ಗೌತಮಿ ಸುನೀಲನಿಂದ ಒಳ್ಳೆಯ ಮೈಕು ಎರವಲು ತಂದಿದ್ದಳು. ಅವನು ಚಿಂತಾಮಣಿಯಲ್ಲಿ ಸೌಂಡ್ ಸಿಸ್ಟಂ ಇಟ್ಟಿದ್ದ ಸೋದರತ್ತೆಯ ಮಗ. ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಗೌತಮಿ ಮಾಡಿದ್ದಳು. ಬಫರ್ ಹೆಚ್ಚಿಸಿದಳು, ಆಂಟಿವೈರಸ್ ನಿಲ್ಲಿಸಿದಳು, ಸೌಂಡ್ ಕಾರ್ಡಿನ ಡ್ರೈವರ್ ಅಳಿಸಿ ಮತ್ತೆ ಹಾಕಿದಳು. ಊಹೂಂ. ಕರೆಂಟು ಹೋಗಿ ಬಂದ ಮೇಲೆ ಸ್ವಲ್ಪ ಹೊತ್ತು ನೆಟ್ಟಗಿರುತ್ತಿತ್ತು, ಮತ್ತೆ ಅದೇ ಟಕ್ ಟಕ್.

"ಮೊದ್ಲು ಹಿಡಿದಿದ್ಯಲ್ಲಮ್ಮ, ಅದ್ರಲ್ಲೂ ತಿಂದಿತ್ತಾ?"

ಗೌತಮಿ ಹಳೆಯದನ್ನು ಹಾಕಿದಳು. ದನಿ ತೆಳ್ಳಗೆ, ಹಿಂದೆ ಗುರ್ ಅನ್ನುವ ಸದ್ದು. ಆದರೆ ಹೆಸರುಗಳು? ಒಂದೂ ಬಿಡದೆ ಎಲ್ಲ ಇದ್ದವು. ಅವಳು ಮೈಕನ್ನು ನೋಡಿದಳು. ಮೈಕು ಬದಲಾಗಿತ್ತು. ಇನ್ನೇನು ಬದಲಾಗಿತ್ತು? ಕಣ್ಣು ಮೇಜಿನ ಕೆಳಗೆ ಇಳಿಯಿತು. ನರೇಂದ್ರ ನಕ್ಕ ದಿನ ಮನೆಗೆ ಬಂದವಳೇ, ಫ್ಯಾನಿನ ಸದ್ದು ಹೊರಗೆ ಬರಬಾರದೆಂದು ಸಿ.ಪಿ.ಯು.ಗೆ ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದಳು. ಕಂಬಳಿಯೊಳಗೆ ಕೈ ತೂರಿಸಿದವಳು "ಅಯ್ಯಮ್ಮಾ!" ಎಂದು ಹಿಂದಕ್ಕೆಳೆದುಕೊಂಡಳು.

ಆಂಜಿನಮ್ಮನೂ ಬಗ್ಗಿ ಮುಟ್ಟಿ ನೋಡಿದಳು. "ಇದೊಂದು ಬಿಸೀನಾ?" ಎಂದು ಮೂಗು ಮುರಿದಳು.

"ಉಸಿರು ಕಟ್ಟಿದೆ ಅಜ್ಜಿ ಇದಕ್ಕೆ. ಕಾದ್ರೆ ಸುಟ್ಟುಹೋಗ್ದಂಗೆ ತಾನೇ ನಿಧಾನ ಆಗುತ್ತೆ. ನಿಧಾನ ಆದ್ರೆ ನಿನ್ನ ದನಿ ಹಿಡಿಯೋಕಾಗಲ್ಲ, ಬಿಟ್ಟುಬಿಡುತ್ತೆ. ಹೆಸರು ಕೊನೇಲಿ ಬರೋದ್ರಿಂದ ಅವೇ ಹೋಗ್ತಾವೆ."

ಹೇಳುತ್ತಲೇ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇದೇ ಮನೆಯಲ್ಲಿ ಬೇಸಿಗೆಯ ಹುಳುವಿಗೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಗಾಳಿ ಬಿಟ್ಟು ಸಾಕಿದವಳು ತಾನೇ! ಯಾವನೋ ಒಬ್ಬ ನಕ್ಕನೆಂದು ನಾಚಿ ಕಂಬಳಿ ಹೊದಿಸಿದ್ದಳು. ಹಗ್ಗ ಕತ್ತರಿಸಿ ಕಂಬಳಿಯನ್ನು ಬಾಗಿಲಾಚೆ ಎಸೆದಳು, ಕಿಟಕಿಗೆ ಗೋಣಿ ನೆನೆಸಿ ಕಟ್ಟಿದಳು, ಡಬ್ಬವನ್ನು ವೈರು ಎಟುಕುವಷ್ಟು ದೂರ ತಳ್ಳಿದಳು. ಫ್ಯಾನು ಗುರ್ ಅಂದಿತು.

"ಅನ್ಲಿ ಬಿಡು," ಅಂದಳು ಗೌತಮಿ. "ಹಾಡಜ್ಜಿ."

ಆಂಜಿನಮ್ಮ ಹಾಡಿದಳು. ನಡುವೆ ನರಸಿಂಹಮೂರ್ತಿ ಮೇಷ್ಟ್ರು ಚಿಕ್ಕಬಳ್ಳಾಪುರಕ್ಕೆ ಹೊರಟ ಇಸ್ತ್ರಿ ಅಂಗಿಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಗೌತಮಿ ಅಪ್ಪನತ್ತ ಬೆರಳೆತ್ತಿ ತಡೆದಳು. ಎರ್ರಮ್ಮ ಬಂದಳು, ಪಿಳ್ಳಮ್ಮ ಬಂದಳು, ಬಯ್ಯಮ್ಮ, ನಲ್ಲಮ್ಮ ಬಂದರು. ಹಾಡು ಅಲ್ಲಿಗೆ ಮುಗಿಯಬೇಕು. ಆಂಜಿನಮ್ಮ ನಿಲ್ಲಿಸಲಿಲ್ಲ. ಮಗನ ಮುಖವನ್ನೇ ನೋಡುತ್ತ ಇನ್ನೊಂದು ಹೆಸರನ್ನು ಗಂಟಲು ತುಂಬ ಕೂಗಿದಳು.

ಗೌತಮಿ ಮೊದಲಿಂದ ಹಾಕಿ ಕೇಳಿಸಿದಳು. ಎಲ್ಲೂ ತುಂಡಾಗಿರಲಿಲ್ಲ.

"ಹಿಂದೆ ಗುರ್ ಅಂತಿದೆಯಲ್ಲಮ್ಮ," ಅಂದರು ಮೇಷ್ಟ್ರು ಮೆಲ್ಲಗೆ.

"ಅಂತಿದೆ. ರೀಲಿಂಗ್ ಮನೇಲಿ ಮಿಷನ್ ಸುಮ್ನಿರುತ್ತಾ ಅಪ್ಪಾ? ಕಂಬಳಿಯಂತೂ ಇನ್ನು ಹೊದಿಸಲ್ಲ."

ಮೇಷ್ಟ್ರು ಹೊಸ್ತಿಲ ಮೇಲೆ ಕೂತರು. "ಕೊನೇದು ಇನ್ನೊಂದ್ಸಲ ಹಾಕು," ಅಂದರು. ಹಾಕಿದಳು. ಆಂಜಿನಮ್ಮ ಎಂಬ ಹೆಸರು ಆ ಮಣ್ಣುಗೋಡೆಗಳ ನಡುವೆ ಗಟ್ಟಿಯಾಗಿ ಕೇಳಿಸಿತು.

"ನಿನ್ನ ಹೆಸರು ಈ ಹಾಡಲ್ಲಿ ಇರ್ಲಿಲ್ವಲ್ಲಮ್ಮಾ?"

"ಇರ್ಲಿಲ್ಲ ಕಣೋ," ಅಂದಳು ಆಂಜಿನಮ್ಮ. "ಹೆಸರು ತೆಗೀತೀವಿ ಅಂದ್ರಲ್ಲ, ಅದಕ್ಕೇ ಒಂದು ಸೇರಿಸ್ದೆ."