ದುಂಡಗಿಲ್ಲದ ಧೂಳು

"ಅಲ್ಲಾ, ಮುದಿ ನಕ್ಷತ್ರ ದುಂಡಗೇ ಸಾಯಬೇಕು ಅಂತ ಯಾರು ಕಟ್ಟಪ್ಪಣೆ ಮಾಡಿದ್ದು?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ ಒಂದು ಓರೆ ಗೆರೆ ಇತ್ತು, ಅಷ್ಟೇ. ಕೇಳಿದವಳನ್ನು ಸಂಶೋಧನಾಲಯದವರೆಲ್ಲ ಧೂಳಕ್ಕ ಎನ್ನುತ್ತಿದ್ದರು. ಮುಪ್ಪಾದ ನಕ್ಷತ್ರಗಳು ಉಸಿರುಬಿಟ್ಟಂತೆ ಸುತ್ತಲೂ ಚೆಲ್ಲುವ ಧೂಳೇ ಅವಳ ಓದು, ಅವಳ ಅನ್ನ.

ಆ ಗೆರೆಯಿಂದಾಗಿ ಮನೆಯಲ್ಲಿ ಮಾತು ನಿಂತಿತ್ತು. ಸಂಶೋಧನಾಲಯದ ಮುಖ್ಯಸ್ಥರು ಅವಳ ಚಿಕ್ಕಪ್ಪ. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವರು. ಅವಳು ಈಗಲೂ ಅವರ ಮನೆಯ ಮಹಡಿ ಕೋಣೆಯಲ್ಲೇ ಇದ್ದಳು. ಧೂಳು ನಕ್ಷತ್ರದ ಸುತ್ತ ಚೆಂಡಿನಂತೆ ದುಂಡಗೆ ಹರಡುತ್ತದೆ ಎಂಬುದು ಅವರು ಆಯುಷ್ಯವಿಡೀ ಕಟ್ಟಿದ ಸಿದ್ಧಾಂತ. ದುಂಡಗಿದ್ದರೆ, ಧೂಳಿಗೆ ಬಡಿದು ಬರುವ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಅಲುಗಬೇಕು, ಒಂದರ ಅಲುಗಾಟವನ್ನು ಇನ್ನೊಂದು ಸರಿದೂಗಿಸಬೇಕು, ಆ ಅಲುಗಾಟ ಅಳೆಯುವ ಅವಳ ಉಪಕರಣ ಸೊನ್ನೆ ತೋರಿಸಬೇಕು. ಅದು ಸೊನ್ನೆ ತೋರಿಸಲಿಲ್ಲ. ಬೆಳಕು ಒಂದೇ ದಿಕ್ಕಿಗೆ ಹೆಚ್ಚು ಅಲುಗುತ್ತಿತ್ತು; ಪರದೆಯ ಓರೆ ಗೆರೆ ಆ ದಿಕ್ಕಿನದೇ. ಧೂಳು ಒಂದು ಪಕ್ಕಕ್ಕೆ ವಾಲಿತ್ತು. ಮರುದಿನದ ಸಭೆಯಲ್ಲಿ ಅವಳು ಅದನ್ನೇ ಹೇಳಬೇಕಿತ್ತು.

ಬಾಗಿಲು ತಳ್ಳಿಕೊಂಡು ಗಾಜಿನಣ್ಣ ಬಂದ. ಉಪಕರಣದ ಎದೆಯಲ್ಲಿ ಕೂತು ಬೆಳಕನ್ನು ಎರಡಾಗಿ ಸೀಳುವ ಹರಳನ್ನು ಉಜ್ಜಿ ಕೊಟ್ಟವನು ಅವನು.

"ಏನಕ್ಕಾ, ನನ್ನ ಹರಳಲ್ಲಿ ದೋಷ ಇದ್ಯಂತೆ? ಕಾರಿಡಾರ್ ತುಂಬಾ ಅದೇ ಸುದ್ದಿ. ಯಜಮಾನ್ರೇ ಅಂದ್ರಂತೆ."

"ಅನ್ನಲಿ ಬಿಡು."

"ಬಿಡೋದೇನು? ನನ್ನ ಹೆಂಡ್ತಿ ನನ್ನನ್ನ ಏನು ಬೇಕಾದ್ರೂ ಅಂತಾಳೆ, ನುಂಗ್ಕೋತೀನಿ. ಹರಳಿನ ತಂಟೆಗೆ ಬಂದ್ರೆ ಸುಮ್ನಿರಲ್ಲ."

ಧೂಳಕ್ಕನಿಗೆ ನಗು ಬಂತು. "ಅದನ್ನ ನೋಡೋಕೆ ತಾನೇ ಉಪಕರಣಾನ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದಿದ್ದು? ದೋಷ ಹರಳಿಂದಾಗಿದ್ರೆ ಗೆರೆಯೂ ಹರಳಿನ ಜೊತೆ ತಿರುಗಬೇಕಿತ್ತು. ತಿರುಗ್ತಾ?"

"ಎಲ್ಲಿ! ಆಕಾಶಕ್ಕೆ ಅಂಟ್ಕೊಂಡು ಕೂತಿತ್ತು."

"ಮತ್ತೆ?"

ಅಷ್ಟರಲ್ಲಿ ಚಿಕ್ಕಪ್ಪನೇ ಒಳಗೆ ಬಂದರು. ಗಾಜಿನಣ್ಣ ಜಾರಿಕೊಳ್ಳಲು ನೋಡಿದ. "ಕೂತ್ಕೋ," ಎಂದಳು ಧೂಳಕ್ಕ.

"ದೂರದರ್ಶಕದ ಕನ್ನಡಿಯೇ ಬೆಳಕನ್ನ ಓರೆ ಮಾಡಿರಬಹುದು," ಎಂದರು ಚಿಕ್ಕಪ್ಪ, ಪೀಠಿಕೆಯಿಲ್ಲದೆ.

"ಅದೇ ಕನ್ನಡೀಲಿ ಧೂಳಿಲ್ಲದ ಸಾದಾ ನಕ್ಷತ್ರಗಳನ್ನೂ ನೋಡಿದೀವಿ. ಸೊನ್ನೆ."

"ಹಾಗಾದ್ರೆ ದಾರಿ ಧೂಳು. ನಕ್ಷತ್ರಕ್ಕೂ ನಮಗೂ ನಡುವೆ ಎಷ್ಟು ದೂರ, ಎಷ್ಟು ಧೂಳು! ಅದೂ ಬೆಳಕನ್ನ ಓರೆ ಮಾಡತ್ತೆ."

"ಮಾಡತ್ತೆ. ಆದ್ರೆ ದಾರಿ ಧೂಳಿಗೆ ಅವಸರ ಇಲ್ಲ, ಚಿಕ್ಕಪ್ಪ. ಹೋದ ಬೇಸಿಗೆಯ ಗೆರೆ ಬೇರೆ, ಈಗಿನ ಗೆರೆ ಬೇರೆ. ಇಷ್ಟು ಬೇಗ ಮಗ್ಗುಲು ಬದಲಾಯಿಸಬೇಕಾದ್ರೆ ಅದು ನಕ್ಷತ್ರದ ಪಕ್ಕದಲ್ಲೇ ಇರೋ ಧೂಳು."

ಗಾಜಿನಣ್ಣ ಕೆಮ್ಮಿದ. ಕೆಮ್ಮೋ ನಗುವೋ ತಿಳಿಯಲಿಲ್ಲ.

ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಕೂತರು. ಅವಳು ಚಿಕ್ಕವಳಿದ್ದಾಗ ಇದೇ ಗಂಟಲು ಪದ್ಯ ಹೇಳಿ ಮಲಗಿಸುತ್ತಿತ್ತು. ಸಾಲಿನ ಕೊನೆಗೆ ಬರುವಾಗ ದನಿ ತಾನಾಗಿ ಇಳಿಯುತ್ತಿತ್ತು, ಕೇಳುವವಳ ರೆಪ್ಪೆಯೂ ಜೊತೆಗೇ ಇಳಿಯುತ್ತಿತ್ತು. ಈಗಲೂ ದನಿ ಹಾಗೇ ಇಳಿಯಿತು.

"ಮಗಳೇ, ನೀನು ತಪ್ಪು ಅಂತಿಲ್ಲ ನಾನು. ನಾಳೆ ಎಲ್ರೂ ಇರ್ತಾರೆ. ನನ್ನ ಶಿಷ್ಯರು, ನನ್ನ ಮೇಲೆ ಹಲ್ಲು ಮಸೆಯೋರು. ಎದ್ದು ನಿಂತು, ಹರಳು ಕೆಟ್ಟಿದೆ, ಸರಿ ಮಾಡ್ತಿದೀವಿ ಅಂತ ಒಂದು ಮಾತು ಹೇಳಿಬಿಡು. ನಾನು ನಿವೃತ್ತನಾದ ಮೇಲೆ ಆ ಗೆರೆ ಎಲ್ಲಿ ಬೇಕಾದ್ರೂ ಎಳ್ಕೋ."

"ಆಮೇಲೆ ಈ ಉಪಕರಣ ಏನು ಹೇಳಿದ್ರೂ ಯಾರು ನಂಬ್ತಾರೆ?"

"ನನಗೋಸ್ಕರ. ಹೆಗಲ ಮೇಲೆ ಕೂರಿಸ್ಕೊಂಡು ನಿನಗೆ ಆಕಾಶ ತೋರಿಸಿದೋನು ನಾನು."

ಉಪಕರಣದ ಮುಂದೆ ಕೂರುವಾಗೆಲ್ಲ ಅವಳು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದಳು, ಇದ್ದದ್ದು ಇದ್ದ ಹಾಗೇ ಕಾಣಿಸಲಿ ಎಂದು. ಬೇಡಿ ಬೇಡಿ ಕಂಡದ್ದಕ್ಕೆ ಈಗ ಬೆನ್ನು ತಿರುಗಿಸುವುದು ಹೇಗೆ? ಅವಳು ಎದ್ದು ನಿಂತಳು.

"ಆ ಹೆಗಲನ್ನ ನಾನು ಮರೆತಿಲ್ಲ. ಮನೆ ಬಿಟ್ಟು ಹೋಗು ಅಂದ್ರೆ ಇವತ್ತೇ ಹೋಗ್ತೀನಿ, ಬೇಜಾರಿಲ್ಲ. ನಾಳೆ ಆ ಗೆರೆ ಎಲ್ಲರ ಮುಂದೆ ಇರತ್ತೆ."

"ಒಂದೇ ಒಂದು ಮಾತು ಕೇಳ್ತಿದೀನಲ್ಲ, ಪುಟ್ಟಿ."

"ಹರಳು ಕೆಟ್ಟಿಲ್ಲ. ನಾನು ಹೇಳಲ್ಲ, ಚಿಕ್ಕಪ್ಪ."