ನನ್ನ ಬಾಯಿಗೆ ಬೀಗ ಹಾಕಿದ ಹೆಸರು

ನನ್ನ ಸೊಸೆ ಲೋಹಿತಾಗೆ ಹಳೆಯದು ಯಾವುದೂ ಹಿಡಿಸುವುದಿಲ್ಲ. ಮದುವೆಯಾಗಿ ಮಧುಗಿರಿಗೆ ಬಂದ ವರ್ಷವೇ ನಮ್ಮ ಅಡುಗೆಮನೆಯ ಒರಳುಕಲ್ಲನ್ನು ಹಿತ್ತಿಲಿಗೆ ಸಾಗಿಸಿದಳು. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎರಡು ‘ಎ’ ಹಾಕುತ್ತಾಳೆ. ಒಂದೇ ಹಾಕಿದರೆ ಹಳ್ಳಿಯವಳ ಹೆಸರಿನಂತೆ ಕಾಣುತ್ತದಂತೆ. ಇಂಥವಳು ತನ್ನ ಚೊಚ್ಚಲ ಗಂಡುಮಗುವಿಗೆ ತಾತನ ಹೆಸರೇ ಆಗಬೇಕು ಎಂದು ಹಟ ಹಿಡಿದಳು ಎಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ತಾತ ಎಂದರೆ ನಮ್ಮ ಮನೆಯವರು. ಹೋದ ವರ್ಷ ತೀರಿಕೊಂಡರು. ಅವರ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ‘ಇಗೋ’, ‘ಕೇಳಿಸ್ತಾ’, ‘ಪರಮೇಶನ ಅಪ್ಪ’, ಇಷ್ಟರಲ್ಲೇ ಸಂಸಾರ ಸಾಗಿಸಿದೆ. ರೇಷನ್ ಅಂಗಡಿಯವನು ಗಂಡನ ಹೆಸರೇನಮ್ಮ ಎಂದರೆ ಪಕ್ಕದಲ್ಲಿ ನಿಂತವಳನ್ನು ತಿವಿದು ಅವಳ ಬಾಯಲ್ಲಿ ಹೇಳಿಸುತ್ತಿದ್ದೆ. ಪೇಟೆಯಲ್ಲಿ ಅವರದು ಹಗ್ಗ, ಗೋಣಿಚೀಲದ ಅಂಗಡಿ. ಕಂಡಕಂಡವರೆಲ್ಲ ಆ ಹೆಸರು ಹಿಡಿದು ಕೂಗುತ್ತಿದ್ದರು, ನಾನು ಮಾತ್ರ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಹೇಳುವವಳು ಸೋದರತ್ತೆ. ನನ್ನ ಮಗ ಪರಮೇಶನಿಗೆ ಅಕ್ಕತಂಗಿಯರಿಲ್ಲ, ಹಾಗಾಗಿ ಆ ಹಕ್ಕು ಅಜ್ಜಿಯಾದ ನನ್ನದು. ಸೊಸೆ ಬಸುರಿ ಎಂದು ತಿಳಿದಾಗಿನಿಂದ ನಾನು ಕಾದದ್ದು ಅದೊಂದಕ್ಕೇ. ಈಗ ನೋಡಿದರೆ ಲೋಕದಲ್ಲಿರುವ ಹೆಸರುಗಳನ್ನೆಲ್ಲ ಬಿಟ್ಟು ನನ್ನ ಬಾಯಲ್ಲಿ ಬಾರದ ಹೆಸರೊಂದನ್ನೇ ಆರಿಸಿದ್ದಾಳೆ. ನಾನು ಹಿಂದೆ ಸರಿದರೆ ಇನ್ನೊಬ್ಬ ಅಜ್ಜಿ ಇದ್ದೇ ಇದ್ದಾಳಲ್ಲ, ಲೋಹಿತಾಳ ತಾಯಿ, ಕಳ್ಳಂಬೆಳ್ಳದ ಪುಷ್ಪಾವತಿ. ಅವಳ ಗಂಡ ಗಟ್ಟಿಮುಟ್ಟಾಗಿದ್ದಾನೆ. ನಮ್ಮ ಮನೆಯವರು ಹೋದಮೇಲೆ ಆರತಿ ತಟ್ಟೆ ನನ್ನನ್ನು ದಾಟಿಕೊಂಡು ಪಕ್ಕದವಳ ಕೈಗೆ ಹೋಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ವಿಧವೆ ನೀನು ಬೇಡ ಎಂದು ಮುಖಕ್ಕೆ ಹೇಳಲು ಆ ತಾಯಿಮಗಳಿಗೆ ಸಂಕೋಚ. ಅದಕ್ಕೇ ನನ್ನ ಬಾಯಿಗೆ ಬೀಗ ಹಾಕುವ ಹೆಸರು ಹುಡುಕಿದ್ದಾರೆ.

ಪರಮೇಶ ಕೊರಟಗೆರೆಯಲ್ಲಿ ಮೇಷ್ಟ್ರು. ಸಂಜೆ ಬಸ್ಸಿಳಿದು ಮನೆಗೆ ಬಂದವನನ್ನು ಬಾಗಿಲಲ್ಲೇ ಹಿಡಿದೆ.

“ಯಾಕ್ಲಾ, ಮೊನ್ನೆಮೊನ್ನೆವರ್ಗೂ ರುದ್ರಾಂಶ್ ಅಂತಿದ್ರಿ. ಆ ಹೆಸ್ರಿಗೇನಾಯ್ತು?”

“ಅವ್ಳಿಗೆ ಅಪ್ಪನ ಹೆಸ್ರೇ ಇಡ್ಬೇಕಂತೆ ಕಣಮ್ಮ. ಒಳ್ಳೇದೇ ಅಲ್ವಾ?”

“ಅಂಥ ಹೆಸ್ರು ಬರೆದ್ರೆ ಯಾವ ಜಾತಿ, ಯಾವ ಸೀಮೆ ಅಂತ ಬಸ್ ಕಂಡಕ್ಟ್ರಿಗೂ ತಿಳೀತದೆ, ಇಸ್ಕೂಲಲ್ಲಿ ಹುಡುಗ್ರು ಆಡ್ಕೋತಾರೆ ಅಂತ ಅಂದೋಳು ಅವ್ಳೇ ಅಲ್ವೇನ್ಲಾ?”

“ನಾನೂ ಅದೇ ಅಂದೆ. ಬರೀ ಶಂಕರ್ ಅಂತ ಬರ್ಸಾಣ, ಯಾರ ಮನೆ ಮಗೂಗಾದ್ರೂ ಒಪ್ತದೆ ಅಂದೆ. ಕೇಳ್ಲಿಲ್ಲ. ಶಂಕರಲಿಂಗಪ್ಪ ಅಂತ ಪೂರ್ತಿ ಇರ್ಬೇಕಂತೆ, ಒಂದಕ್ಷರ ಬುಡಂಗಿಲ್ವಂತೆ.”

“ಯಾಕಂತೆ?”

“ನೀನೇ ಕೇಳು,” ಎಂದವನೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮುಖ ತೊಳೆಯಲು ಅಷ್ಟು ಹೊತ್ತು ಬೇಡ.

ಬಾಣಂತನಕ್ಕೆ ತವರಿಗೆ ಹೋಗಿದ್ದ ಸೊಸೆಗೆ ಫೋನ್ ಮಾಡಿ ನಾನು ಕೇಳಲಿಲ್ಲ. ಕೇಳಿದರೆ ಏನಾದರೂ ಸಿಹಿಮಾತಾಡಿ ಮುಚ್ಚಿಹಾಕುತ್ತಾಳೆ. ಬಂದಮೇಲೆ ಸುಮ್ಮನೆ ಕಣ್ಣಿಟ್ಟಿದ್ದರೆ ತಾನಾಗಿ ಸಿಕ್ಕಿಬೀಳುತ್ತಾಳೆ ಎಂದುಕೊಂಡೆ.

ತೊಟ್ಟಿಲ ಶಾಸ್ತ್ರ ನಮ್ಮ ಮನೆಯಲ್ಲೇ ಎಂದಾಗಿತ್ತು. ಪುಷ್ಪಾವತಿ ಎರಡು ದಿನ ಮುಂಚೆಯೇ ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಳು. ಬಂದ ಗಳಿಗೆಯಿಂದ ತಾಯಿಮಗಳದ್ದು ಗುಸುಗುಸು. ಅಡುಗೆಮನೆಯ ಹೊರಗೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದ ನನ್ನ ಕಿವಿಗೆ “ಬ್ಯಾಡ ಕಣೇ, ಆಯಮ್ಮ ಏನಂದ್ಕೋತಾರೋ” ಎಂಬುದು ಚೆನ್ನಾಗಿಯೇ ಬಿತ್ತು. “ಅವತ್ತು ಗೊತ್ತಾಗ್ತದೆ ಬುಡಮ್ಮ” ಎಂದಳು ಮಗಳು. ನಾನು ಎದ್ದು ಒಳಗೆ ಹೋದರೆ ಪುಷ್ಪಾವತಿ ಥಟ್ಟನೆ “ಉಪ್ಪು ಎಲ್ಲಿಟ್ಟಿದೀರಾ ಸರೋಜಕ್ಕ?” ಎಂದು ಕೇಳಿದಳು. ಉಪ್ಪಿನ ಜಾಡಿ ಅವಳ ಮೂಗಿನ ಕೆಳಗೇ ಇತ್ತು. ಗೂಡಿನ ಮೊಳೆಗೆ ಅವಳ ಹೊಸ ರೇಷ್ಮೆ ಸೀರೆ ಇಸ್ತ್ರಿಯಾಗಿ ನೇತಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂರುವವರು ಯಾರಾದರೂ ಅಷ್ಟು ಜರಿಯ ಸೀರೆ ಉಡುತ್ತಾರಾ?

ಶಾಸ್ತ್ರ ಮಾಡಿಸಲು ಬರುವ ಅಯ್ಯನವರು, ನಂದೀಶ್ವರಯ್ಯನವರನ್ನಾದರೂ ವಿಚಾರಿಸೋಣ ಎಂದು ಮಠದ ಬೀದಿಗೆ ಹೋದೆ. “ಲೋಹಿತಮ್ಮ ಫೋನ್ ಮಾಡಿದ್ರು. ನೀವು ನಿಶ್ಚಿಂತೆಯಾಗಿರಿ ತಾಯಿ,” ಎಂದು ನಕ್ಕರು. ಅಯ್ಯನವರನ್ನೂ ಬುಟ್ಟಿಗೆ ಹಾಕಿಕೊಂಡಾಗಿತ್ತು. ವಾಪಸು ಬಂದು ಹಿತ್ತಿಲಲ್ಲಿ ಒಬ್ಬಳೇ ನಿಂತು ಒಂದು ಸಲ ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಉಸಿರು ಬಂತು, ಹೆಸರು ಬರಲಿಲ್ಲ. ಎಷ್ಟು ಸಂಕಟವಾಯಿತೆಂದರೆ ಆ ಒರಳುಕಲ್ಲಿನ ಮೇಲೇ ಕುಳಿತು ಅತ್ತೆ.

ತೊಟ್ಟಿಲ ಶಾಸ್ತ್ರದ ದಿನ ಮನೆತುಂಬ ಜನ. ನಂದೀಶ್ವರಯ್ಯನವರು ಮಗುವಿನ ಹಣೆಗೆ ವಿಭೂತಿ ಹಚ್ಚಿ “ಹೆಸರು ಹೇಳೋರು ಬನ್ನಿ” ಎಂದರು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಪುಷ್ಪಾವತಿ ಮಗುವನ್ನು ಎತ್ತಿಕೊಂಡು, ಆ ಜರಿಯ ಸೀರೆ ಸರಭರ ಎನಿಸುತ್ತಾ ಎದ್ದು ನಿಂತಳು. ನನಗೆ ತಡೆಯಲಾಗಲಿಲ್ಲ.

“ಹೇಳ್ಬುಡಿ ಪುಷ್ಪಾವತಮ್ಮ, ನೀವೇ ಹೇಳ್ಬುಡಿ! ಇದಕ್ಕೇ ತಾನೆ ತಾಯಿಮಗಳು ಸೇರ್ಕೊಂಡು ಈ ಹೆಸ್ರು ಹುಡುಕಿದ್ದು? ಗಂಡ ಸತ್ತೋಳು ಬ್ಯಾಡ ಅಂತ ಬಾಯ್ಬುಟ್ಟು ಅಂದಿದ್ರೆ ನಾನೇ ಮೂಲೇಲಿ ಕೂತ್ಕೋತಿದ್ದೆ.”

ಪುಷ್ಪಾವತಿ ನೆಟ್ಟಗೆ ನನ್ನ ಹತ್ತಿರ ಬಂದು ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿದಳು. ಅವಳ ಕಣ್ಣು ತುಂಬಿತ್ತು.

“ನಿಮ್ಮ ಮಡ್ಲಿಗೆ ಹಾಕಾಣ ಅಂತ ಎದ್ದೆ ಸರೋಜಕ್ಕ. ಈ ಹೆಸ್ರು ಬ್ಯಾಡ ಕಣೇ, ಅವ್ರು ನೊಂದ್ಕೋತಾರೆ ಅಂತ ಇವ್ಳಿಗೆ ಎಷ್ಟು ಬಡ್ಕೊಂಡೆ. ಕೇಳ್ಲಿಲ್ಲ.”

ಲೋಹಿತಾ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಸಿಟ್ಟು ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ.

“ಅತ್ತೆ, ತುಮಕೂರು ಆಸ್ಪತ್ರೇಲಿ ನೀವು ಊಟ ತರೋಕ್ಕೆ ಹೋದಾಗೆಲ್ಲ ಮಾವನ ಜೊತೆ ನಾನೇ ಇರ್ತಿದ್ದೆ. ಒಂದಿನ ನರ್ಸು ಅವ್ರ ಹೆಸ್ರು ಕೂಗಿದ್ರು. ಮಾವ ನಕ್ಕು, ‘ಊರೆಲ್ಲ ಕರೀತದೆ ಕಣಮ್ಮ ನನ್ನ ಹೆಸ್ರು. ನಿಮ್ಮತ್ತೆ ಬಾಯಲ್ಲಿ ಮಾತ್ರ ಒಂದ್ಸಲನೂ ಕೇಳ್ಲಿಲ್ಲ. ಹೆಂಗಿರ್ತಿತ್ತೋ ಏನೋ’ ಅಂದ್ರು. ಅತ್ತೆಗೆ ಹೇಳ್ಲಾ ಅಂದೆ. ‘ಬ್ಯಾಡ, ನನ್ನ ಆಯಸ್ಸು ಕಮ್ಮಿಯಾಗ್ತದೆ ಅಂತ ಹೆದರ್ಕೋತಾಳೆ, ಪಾಪ’ ಅಂದ್ರು. ವಾರ ತುಂಬೋದ್ರೊಳಗೆ ಹೋಗ್ಬುಟ್ರು.”

ನಾನು ಮಡಿಲಲ್ಲಿದ್ದ ಮಗುವಿನ ಹೊದಿಕೆ ಸರಿಮಾಡಿದೆ.

“ನಿಮ್ಗೆ ಮೊದ್ಲೇ ಹೇಳಿದ್ರೆ ಬೇರೆ ಹೆಸ್ರು ಇಡಿ ಅಂತ ತಪ್ಪಿಸ್ಕೋತಿದ್ರಿ. ಅದಕ್ಕೆ ಹೇಳ್ಲಿಲ್ಲ,” ಎಂದಳು. “ಪೂರ್ತಿ ಹೆಸ್ರು ಹೇಳ್ಬೇಕು ಅತ್ತೆ. ಮಾವನ್ನ ಹೆಂಗೆ ಕರೀಬೇಕಿತ್ತೋ ಅಂಗೆ.”

ಅಯ್ಯನವರು “ಹೇಳಿ ತಾಯಿ” ಎಂದರು. ಪರಮೇಶ ತಲೆ ತಗ್ಗಿಸಿಕೊಂಡು ನಿಂತಿದ್ದ. ಅವರ ಆಯಸ್ಸು ಉಳಿಯಲಿ ಎಂದು ಇಷ್ಟು ವರ್ಷ ನುಂಗಿಕೊಂಡು ಬಂದ ಹೆಸರು. ಆಯಸ್ಸಂತೂ ಉಳಿಯಲಿಲ್ಲ. ಅವರು ಕೇಳಬೇಕೆಂದಿದ್ದದ್ದು ಅದೊಂದೇ, ಅದನ್ನೂ ನನ್ನನ್ನು ಕೇಳದೆ ಹೋದರು.

ನಾನು ಬಗ್ಗಿ ಮಗುವಿನ ಕಿವಿಗೆ ಬಾಯಿ ಇಟ್ಟೆ. ಮೊದಲ ಸಲ ಹೇಳಿದ್ದು ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಮಗು ಮುಖ ಕಿವುಚಿತು, ಪಕ್ಕದಲ್ಲಿದ್ದ ಲೋಹಿತಾ ನನ್ನ ಕೈ ಹಿಡಿದುಕೊಂಡಳು. ಮೂರನೆಯ ಸಲ ತಲೆ ಎತ್ತಿ, ಹೊರಗೆಲ್ಲೋ ಇರುವವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ‘ಶಂಕರಲಿಂಗಪ್ಪಾ’ ಎಂದು ಕರೆದೆ. ಕರೆದು, ‘ಓ’ ಎನ್ನುತ್ತಾರೇನೋ ಎಂದು ಕಾದೆ.